ಬಿ.ಎ.ಯೋ, ಬಿ.ಎಸ್ಸಿ.ಯೋ: ಸೈಕಾಲಜಿ ಓದಲು ಹೊರಟ ಹುಡುಗಿಯೊಬ್ಬಳ ಪ್ರಕರಣ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಇವಳನ್ನು ಶ್ರಾವ್ಯ ಎಂದು ಕರೆಯುತ್ತೇನೆ. ಹೆಸರು, ಊರು, ಕಾಲೇಜುಗಳ ಗುರುತು ಬದಲಿಸಿದ್ದೇನೆ. ಬರೆಯಲು ಅವಳೂ ಅಪ್ಪ ಅಮ್ಮನೂ ಒಪ್ಪಿದ್ದಾರೆ. "ನಮ್ಮ ಹಾಗೆ ಬೇರೆ ಮನೆಯಲ್ಲೂ ಇದೇ ಜಗಳ ಇರಬಹುದು, ಬರೀರಿ ಮೇಡಂ" ಎಂದದ್ದು ಅಮ್ಮ.

ಉಡುಪಿ ಜಿಲ್ಲೆಯ ಕುಟುಂಬ. ಅಪ್ಪನಿಗೆ ಮರದ ಫರ್ನಿಚರಿನ ವರ್ಕ್‌ಶಾಪ್, ಅಮ್ಮನಿಗೆ ಮನೆಯಲ್ಲೇ ಹೊಲಿಗೆ. ಶ್ರಾವ್ಯ ಪಿಯುಸಿಯಲ್ಲಿ ಪಿಸಿಎಂಬಿ ಓದಿದವಳು, ಅಂಕವೂ ಚೆನ್ನಾಗಿಯೇ ಇತ್ತು. ನೀಟ್ ಮೊದಲ ಸಲ ಕೈಗೂಡಲಿಲ್ಲ. ಹಾಸ್ಟೆಲಿನಲ್ಲಿದ್ದು ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ತೆಗೆದುಕೊಂಡಳು. ಎರಡನೇ ಸಲವೂ ಸರಕಾರಿ ಸೀಟು ದೂರವೇ ಉಳಿಯಿತು, ಖಾಸಗಿ ಸೀಟಿನ ಫೀಸು ಆ ಮನೆಗೆ ಎಟುಕುವಂಥದ್ದಲ್ಲ. ಮೂರನೇ ಸಲ ಬೇಡ ಎನ್ನುವುದರಲ್ಲಿ ಮನೆಯವರೆಲ್ಲ ಒಂದಾಗಿದ್ದರು. ಅವಳು ಸೈಕಾಲಜಿ ಓದುವುದಕ್ಕೂ ಯಾರದೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಪದವಿಯ ಹೆಸರಿನ ಮೇಲೆ.

ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಕಾಲೇಜೊಂದರಲ್ಲಿ ಬಿ.ಎ.ಯಲ್ಲಿ ಸೈಕಾಲಜಿ ಇತ್ತು. ಬಿ.ಎಸ್ಸಿ.ಯಲ್ಲಿ ಬೇಕಾದರೆ ಮಂಗಳೂರಿಗೆ ಹೋಗಬೇಕು, ಮತ್ತೆ ಹಾಸ್ಟೆಲ್. ಶ್ರಾವ್ಯ ಬಿ.ಎ. ಎಂದು ಪಟ್ಟು ಹಿಡಿದಿದ್ದಳು. ಅಪ್ಪ ಬಿ.ಎಸ್ಸಿ. ಎನ್ನುತ್ತಿದ್ದರು. ಅಮೆರಿಕದಲ್ಲಿರುವ ದೊಡ್ಡಮ್ಮನ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ಮಾಹಿತಿ ಕಳಿಸಿ, "ಮುಂದೆ ಸೈಕಾಲಜಿಸ್ಟ್ ಆಗ್ಬೇಕಿದ್ರೆ ಬಿ.ಎಸ್. ಆಗ್ಲೇಬೇಕು" ಎಂದು ಬರೆದಿದ್ದಳು. ಬಿ.ಎಸ್. ಎಂದರೆ ಅಲ್ಲಿಯ ಬಿ.ಎಸ್ಸಿ. ಈ ಮೆಸೇಜು ಬಂದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು.

ಮೊದಲ ಭೇಟಿಯಲ್ಲಿ ಅಪ್ಪನೇ ಹೆಚ್ಚು ಮಾತಾಡಿದರು. "ಸೈನ್ಸ್ ಓದಿದ ಹುಡುಗಿ ಆರ್ಟ್ಸಿಗೆ ಹೋದ್ರೆ ಊರವರು ಎಂತ ಹೇಳುದು ಮೇಡಂ? ಫೇಲಾಗಿ ಹೋದದ್ದು ಅಂತ ಹೇಳುದು." ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಿಯುಸಿ ಫಲಿತಾಂಶದಲ್ಲಿ ನಮ್ಮ ಎರಡು ಜಿಲ್ಲೆಗಳು ರಾಜ್ಯಕ್ಕೆ ಮೊದಲು ಬರುವುದು ವರ್ಷ ವರ್ಷದ ಸುದ್ದಿ. 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಆ ಹೆಮ್ಮೆಯ ನೆರಳಿನಲ್ಲೇ ಇನ್ನೊಂದು ನಂಬಿಕೆಯೂ ಬೆಳೆದಿದೆ: ಸೈನ್ಸ್ ಬುದ್ಧಿವಂತರಿಗೆ, ಕಾಮರ್ಸ್ ವ್ಯವಹಾರಸ್ಥರಿಗೆ, ಆರ್ಟ್ಸ್ ಉಳಿದವರಿಗೆ. ಮಗಳಿಗಾಗಿ ಕೋಚಿಂಗ್, ಹಾಸ್ಟೆಲ್ ಎಂದು ಕೈಯಿಂದ ಹಣ ಹಾಕಿದ ಅಪ್ಪ, ಬಿ.ಎ. ಎನ್ನುವ ಎರಡಕ್ಷರದಲ್ಲಿ ಆ ಖರ್ಚೆಲ್ಲ ನೀರಿಗೆ ಹೋದದ್ದನ್ನು ಕಾಣುತ್ತಿದ್ದರು. ಅವರ ಸಂಕಟ ನಿಜವಾದದ್ದು. ಆದರೆ ಅದು ಸಿಲೆಬಸ್ಸಿನ ಪ್ರಶ್ನೆಯಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಮಾತಾಡೋಣ ಎಂದೆ.

ಶ್ರಾವ್ಯಳ ಜೊತೆ ಒಂಟಿಯಾಗಿ ಕೂತಾಗ ಅವಳ ಕಡೆಯ ಕತೆ ತಿಳಿಯಿತು. ಬಿ.ಎ. ಏಕೆ ಎಂದದ್ದಕ್ಕೆ ತಕ್ಷಣ ಬಂದ ಉತ್ತರ: "ಲೆಕ್ಕ ಇರುದಿಲ್ಲ ಅಲ್ವಾ ಮೇಡಂ." ಸೈಕಾಲಜಿ ಏಕೆ ಎಂದದ್ದಕ್ಕೆ ಅಷ್ಟು ಬೇಗ ಉತ್ತರ ಬರಲಿಲ್ಲ. ಹಾಸ್ಟೆಲಿನಲ್ಲಿ ರೂಮ್‌ಮೇಟ್ ಒಬ್ಬಳಿಗೆ ಟೆಸ್ಟಿನ ಹಿಂದಿನ ರಾತ್ರಿ ಎದೆ ಹೊಡೆದುಕೊಂಡು, ಉಸಿರು ಸಿಗದ ಹಾಗೆ ಆಗುತ್ತಿತ್ತಂತೆ. ಇವಳು ಅವಳ ಕೈ ಹಿಡಿದು ಕೂರುತ್ತಿದ್ದಳು. "ಅವಳಿಗೆ ಎಂತ ಆಗ್ತಾ ಇತ್ತು ಅಂತ ನಂಗೆ ಗೊತ್ತಾಗ್ಬೇಕು." ಸ್ವಲ್ಪ ಹೊತ್ತು ಬಿಟ್ಟು, ಕೊನೆಕೊನೆಗೆ ತನಗೂ ಹಾಗೆ ಆಗತೊಡಗಿತ್ತು ಎಂದಳು. ಆಗಲೂ ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇರಲಿಲ್ಲ. ಪುಸ್ತಕ ತೆರೆದರೆ ಹೊಟ್ಟೆ ತೊಳೆಸುತ್ತಿತ್ತು, ಅದರಲ್ಲೂ ಕೆಮಿಸ್ಟ್ರಿ ಪುಸ್ತಕ.

ಇಲ್ಲಿ ಅವಳಿಗೆ ಹೇಳಿದ್ದನ್ನು ಸೈಕಾಲಜಿ ಆರಿಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಹೇಳುತ್ತಿರುತ್ತೇನೆ. ನಿನಗಾದ ನೋವಿನಿಂದ ಈ ವಿಷಯದ ಮೇಲೆ ಆಸಕ್ತಿ ಹುಟ್ಟಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂರು ವರ್ಷದ ಪದವಿ ನಿನ್ನ ನಿದ್ದೆಗೆ ಮದ್ದಲ್ಲ. ನಿದ್ದೆಗೆ, ಆತಂಕಕ್ಕೆ ಬೇಕಾದ ನೆರವನ್ನು ಈಗಲೇ, ಬೇರೆಯಾಗಿಯೇ ತೆಗೆದುಕೊಳ್ಳಬೇಕು. ಕಾಲೇಜು ಯಾವುದೆಂದು ತೀರ್ಮಾನವಾಗುವವರೆಗೆ ಕಾಯಬೇಕಿಲ್ಲ. ಅವಳ ಆತಂಕಕ್ಕಾಗಿ ಪ್ರತ್ಯೇಕ ಭೇಟಿಗಳನ್ನು ಗೊತ್ತುಮಾಡಿದೆ. ರಾತ್ರಿ ತಡೆಯದಂತಾದರೆ ಕನ್ನಡದಲ್ಲೇ ಮಾತಾಡಲು ಸಿಗುವ ಸರಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಅವಳ ಮೊಬೈಲಿಗೂ ಅಮ್ಮನ ಮೊಬೈಲಿಗೂ ಹಾಕಿಸಿದೆ. ಆ ಭಾಗದ ವಿವರ ಇಲ್ಲಿ ಬರೆಯುವುದಿಲ್ಲ.

ಲೆಕ್ಕದ ವಿಷಯಕ್ಕೆ ಬಂದರೆ, ಅವಳ ನಂಬಿಕೆ ತಪ್ಪು. ಬಿ.ಎ.ಯಲ್ಲಿ ಸೈಕಾಲಜಿ ಓದಿದರೂ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ), ಕೋರಿಲೇಶನ್ (ಎರಡು ಸಂಗತಿಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎನ್ನುವ ಅಳತೆ) ತಪ್ಪುವುದಿಲ್ಲ. ಎಂ.ಎ., ಎಂ.ಎಸ್ಸಿ.ಗೆ ಹೋದರಂತೂ ಸ್ಟ್ಯಾಟಿಸ್ಟಿಕ್ಸ್ ಮತ್ತು ಸಂಶೋಧನಾ ವಿಧಾನ ಬೆನ್ನಿಗೇ ಬರುತ್ತವೆ. ಮನುಷ್ಯರ ಬಗ್ಗೆ "ನನಗೆ ಹೀಗನ್ನಿಸುತ್ತದೆ" ಎನ್ನುವುದಕ್ಕೂ "ಇಷ್ಟು ಜನರನ್ನು ನೋಡಿದಾಗ ಹೀಗೆ ಕಂಡಿತು" ಎನ್ನುವುದಕ್ಕೂ ಇರುವ ಅಂತರವೇ ಈ ಶಾಸ್ತ್ರದ ಬೆನ್ನೆಲುಬು. ಅದಕ್ಕೆ ಲೆಕ್ಕ ಬೇಕು. ಆದರೆ ಆ ಲೆಕ್ಕ ನೀಟ್‌ಗೆ ಓದಿದ ಫಿಸಿಕ್ಸ್‌ನ ಲೆಕ್ಕವಲ್ಲ, ಕ್ಯಾಲ್ಕುಲಸ್ಸೂ ಅಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಅವಳು ನಂಬುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಮುಂದಿನ ಭೇಟಿಗೆ ಮೂವರೂ ಬರಲಿ ಎಂದೆ.

ನನ್ನ ಕೋಣೆಯಲ್ಲಿ ಮ್ಯೂಲರ್-ಲೈಯರ್ ಬೋರ್ಡು ಇದೆ. ಸೈಕಾಲಜಿ ಪ್ರಾಕ್ಟಿಕಲ್ ಮಾಡಿದವರಿಗೆಲ್ಲ ಗೊತ್ತಿರುವ ಸಾಧನ. ಒಂದು ಗೆರೆಯ ಎರಡೂ ತುದಿಗೆ ಬಾಣದ ಮೊನೆ, ಅದನ್ನು ಬದಲಿಸುವಂತಿಲ್ಲ. ಪಕ್ಕದ ಇನ್ನೊಂದು ಗೆರೆಯ ತುದಿಗಳು ಹೊರಕ್ಕೆ ಕವಲೊಡೆದಿರುತ್ತವೆ, ಇದನ್ನು ಜಾರಿಸಿ ಉದ್ದ ಗಿಡ್ಡ ಮಾಡಬಹುದು. ಎರಡೂ ಸಮ ಎಂದು ಕಂಡ ಕಡೆ ನಿಲ್ಲಿಸಬೇಕು, ಅಷ್ಟೇ. ಫ್ರಾಂಜ್ ಮ್ಯೂಲರ್-ಲೈಯರ್ ಎಂಬ ಜರ್ಮನ್ ವಿದ್ವಾಂಸ 1889ರಲ್ಲಿ ಈ ದೃಷ್ಟಿಭ್ರಮೆಯನ್ನು ವಿವರಿಸಿದ. ಅಪ್ಪನ ಕೈಗೆ ಬೋರ್ಡು ಕೊಟ್ಟೆ. "ನನ್ನ ಕಣ್ಣಳತೆ ತಪ್ಪುದಿಲ್ಲ ಮೇಡಂ, ಮೂವತ್ತು ವರ್ಷದ ಕೆಲಸ" ಎಂದರು. ಒಂದು ಕಣ್ಣು ಮುಚ್ಚಿ, ಹಲಗೆಯ ಅಂಚು ನೋಡುವ ಹಾಗೆ ಬೋರ್ಡನ್ನು ಓರೆ ಹಿಡಿದು ನೋಡಲು ಹೊರಟರು. ಹಾಗಲ್ಲ, ನೇರ ಹಿಡಿದು ಎರಡೂ ಕಣ್ಣಲ್ಲಿ ನೋಡಿ ಎಂದೆ. ನಿಧಾನವಾಗಿ ಜಾರಿಸಿ ನಿಲ್ಲಿಸಿದರು. ಹಿಂಬದಿಯ ಸ್ಕೇಲು ನೋಡಿದರೆ, 15 ಸೆಂಟಿಮೀಟರ್ ಗೆರೆಗೆ ಅವರು ನಿಲ್ಲಿಸಿದ್ದು 12ರ ಆಸುಪಾಸಿನಲ್ಲಿ.

"ಈ ಸ್ಕೇಲು ಸರಿ ಇಲ್ಲ." ಅಂಗಿಯ ಕಿಸೆಯಿಂದ ತಮ್ಮ ಟೇಪು ತೆಗೆದರು. ಎರಡು ಸಲ ಅಳೆದರು. ಸ್ಕೇಲು ಸರಿಯಾಗಿಯೇ ಇತ್ತು. ಮತ್ತೆ ಬೋರ್ಡು ತೆಗೆದುಕೊಂಡು, ಈ ಸಲ ತಪ್ಪು ಗೊತ್ತಿದ್ದೂ ಪ್ರಯತ್ನಿಸಿದರು. ಆಗಲೂ ಗಿಡ್ಡವಾಗಿಯೇ ನಿಂತಿತು. ಭ್ರಮೆ ಎಂದು ಗೊತ್ತಿದ್ದರೂ ಕಣ್ಣು ಅದನ್ನು ಬಿಡುವುದಿಲ್ಲ, ಈ ಪ್ರಯೋಗದ ಸೊಗಸೇ ಅದು. ಅಷ್ಟರಲ್ಲಿ ಶ್ರಾವ್ಯ ಕಾಗದ ಪೆನ್ನು ಎಳೆದುಕೊಂಡಿದ್ದಳು. ಗೆರೆಯನ್ನು ಗಿಡ್ಡದಿಂದ ಉದ್ದಕ್ಕೆ ಐದು ಸಲ, ಉದ್ದದಿಂದ ಗಿಡ್ಡಕ್ಕೆ ಐದು ಸಲ ಜಾರಿಸಲು ಅಪ್ಪನಿಗೆ ಹೇಳಿದೆ. ಅವಳು ಬರೆದುಕೊಂಡಳು, ಸರಾಸರಿ ತೆಗೆದಳು. ಸ್ಟ್ಯಾಂಡರ್ಡ್ ಡೀವಿಯೇಶನ್ ಹೇಗೆಂದು ನೆನಪು ಮಾಡಿಕೊಟ್ಟೆ, ಅದನ್ನೂ ತೆಗೆದಳು. ಬಿ.ಎ. ಸೈಕಾಲಜಿಯಲ್ಲಿ ನಿನ್ನ ಕೈಗೆ ಬರುವ ಲೆಕ್ಕದ ಮೊದಲ ಹೆಜ್ಜೆ ಇದೇ ಎಂದೆ. ಅವಳಿಗಿಂತ ಮೊದಲು ಅಪ್ಪನೇ ಕೇಳಿದರು: "ಇದು ಆರ್ಟ್ಸಾ ಮೇಡಂ?"

ಕೇಳಬೇಕಾದ ಪ್ರಶ್ನೆಯೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಅದೂ ಕಲಾ ಕಾಲೇಜಾದ ಮಹಾರಾಜಾ ಕಾಲೇಜಿನಲ್ಲಿ. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಕಲಿತು ಬಂದು ಪ್ರಯೋಗಾಲಯವನ್ನೂ ನಿಲ್ಲಿಸಿದವರು. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ಆರಂಭಿಸಿದವರೂ ಅವರೇ. ಅಂದರೆ ಆರ್ಟ್ಸ್ ಕಾಲೇಜಿನಲ್ಲಿ ಸೈಕಾಲಜಿ ಲ್ಯಾಬ್ ಎನ್ನುವುದು ನಮ್ಮ ನಾಡಿಗೆ ನೂರು ವರ್ಷ ಹಳೆಯ ವಿಷಯ. ಈ ಕತೆ ಹೇಳಿದಾಗ ಅಪ್ಪನ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು.

ಇನ್ನು ಅಮೆರಿಕದ ಅಕ್ಕನ ಮೆಸೇಜು. ಅವಳು ಕಳಿಸಿದ ಮಾಹಿತಿಯಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಅದು ಅಲ್ಲಿಯ ಲೆಕ್ಕಾಚಾರ. ಬಿ.ಎಸ್. ಆಗಲೇಬೇಕು ಎನ್ನುವ ಮಾತು ಮಾತ್ರ ಅಲ್ಲಿಗೂ ಸರಿಯಲ್ಲ. ಅಮೆರಿಕದಲ್ಲಿ ಪದವಿ ನಾಲ್ಕು ವರ್ಷ. ಮುಖ್ಯ ವಿಷಯ ಯಾವುದೇ ಇರಲಿ, ಎಲ್ಲರೂ ಸಾಮಾನ್ಯ ವಿಷಯಗಳ ಒಂದು ಗಂಟನ್ನು ಓದಬೇಕು. ಸೈಕಾಲಜಿಯಲ್ಲಿ ಬಿ.ಎ. ಮಾಡುವವರಿಗೆ ಆ ಗಂಟಿನಲ್ಲಿ ಸಾಮಾನ್ಯವಾಗಿ ವಿದೇಶಿ ಭಾಷೆ, ಸಾಹಿತ್ಯ, ತತ್ತ್ವಶಾಸ್ತ್ರದಂಥವು ಹೆಚ್ಚು. ಬಿ.ಎಸ್. ಮಾಡುವವರಿಗೆ ಗಣಿತ, ಜೀವಶಾಸ್ತ್ರ, ರಸಾಯನಶಾಸ್ತ್ರ, ಲ್ಯಾಬ್ ತರಗತಿ ಹೆಚ್ಚು. ಸೈಕಾಲಜಿಯ ತಿರುಳು ಮಾತ್ರ ಎರಡರಲ್ಲೂ ಬಹುಪಾಲು ಒಂದೇ: ಪ್ರವೇಶಿಕೆ, ಸ್ಟ್ಯಾಟಿಸ್ಟಿಕ್ಸ್, ಸಂಶೋಧನಾ ವಿಧಾನ, ಬೆಳವಣಿಗೆ, ಸಾಮಾಜಿಕ, ಜೈವಿಕ, ಅಸಾಮಾನ್ಯ ಮನಃಶಾಸ್ತ್ರ. ಹಾರ್ವರ್ಡ್‌ನಲ್ಲಿ ಸೈಕಾಲಜಿ ಓದಿದವರಿಗೆ ಸಿಗುವುದು ಬಿ.ಎ.ಗೆ ಸಮನಾದ ಎ.ಬಿ. ಪದವಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 'ಎಕ್ಸ್‌ಪೆರಿಮೆಂಟಲ್ ಸೈಕಾಲಜಿ' ಎಂದೇ ಹೆಸರಿರುವ ಪದವಿಯೂ ಬಿ.ಎ. ಅಮೆರಿಕದಲ್ಲಿ ಸೈಕಾಲಜಿಸ್ಟ್ ಆಗಿ ಲೈಸೆನ್ಸ್ ಪಡೆಯಲು ಸಾಮಾನ್ಯವಾಗಿ ಡಾಕ್ಟರೇಟ್ ಬೇಕು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೊದಲ ಪದವಿ ಬಿ.ಎ.ಯೋ ಬಿ.ಎಸ್ಸೋ ಎಂಬುದಕ್ಕಿಂತ ಸ್ಟ್ಯಾಟಿಸ್ಟಿಕ್ಸ್ ಎಷ್ಟು ಬರುತ್ತದೆ, ಸಂಶೋಧನೆಯಲ್ಲಿ ಕೈ ಪಳಗಿದೆಯೇ ಎಂಬುದನ್ನೇ ನೋಡುತ್ತಾರೆ. ಇದನ್ನೆಲ್ಲ ಅಕ್ಕನಿಗೆ ಬರೆದು ಕಳಿಸಲು ಶ್ರಾವ್ಯಳಿಗೇ ಹೇಳಿದೆ. "ಅಕ್ಕನ ಹತ್ರ ಜಗಳ ಬೇಡ, ಕಾಳಜಿಯಿಂದ ಕಳಿಸಿದ್ದು" ಎಂದು ಅಮ್ಮ ಸೇರಿಸಿದರು.

ನಮ್ಮಲ್ಲಿ ವ್ಯತ್ಯಾಸ ಬೇರೆ ಕಡೆ ಇದೆ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಸೈಕಾಲಜಿಯ ಜೊತೆ ಏನೇನು ಓದಬೇಕು ಎನ್ನುವುದರಲ್ಲೇ ಬಿ.ಎ. ಮತ್ತು ಬಿ.ಎಸ್ಸಿ. ಬೇರೆಯಾಗುವುದು. ಬಿ.ಎ.ಯಾದರೆ ಜೊತೆಗೆ ಸಮಾಜಶಾಸ್ತ್ರ, ಇಂಗ್ಲಿಷ್, ಪತ್ರಿಕೋದ್ಯಮ, ಅರ್ಥಶಾಸ್ತ್ರದಂಥವು. ಬಿ.ಎಸ್ಸಿ.ಯಾದರೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರದಂಥವು. ಬಿ.ಎ.ಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಸೇರಬಹುದು, ಬಿ.ಎಸ್ಸಿ.ಗೆ ಹೆಚ್ಚಿನ ಕಡೆ ವಿಜ್ಞಾನವನ್ನೇ ಕೇಳುತ್ತಾರೆ. ಪಿಸಿಎಂಬಿ ಓದಿದ ಶ್ರಾವ್ಯಳಿಗೆ ಎರಡು ಬಾಗಿಲೂ ತೆರೆದಿದ್ದವು.

ಎರಡು ಕಾಲೇಜುಗಳ ಸಿಲೆಬಸ್ಸನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಸೈಕಾಲಜಿ ಪತ್ರಿಕೆಗಳ ಮೇಲೆ ಹಸಿರು ಗುರುತು, ಉಳಿದ ಐಚ್ಛಿಕ ವಿಷಯಗಳ ಮೇಲೆ ಕೆಂಪು ಗುರುತು ಹಾಕಲು ಅವಳಿಗೇ ಹೇಳಿದೆ. ಹಸಿರು ಎರಡರಲ್ಲೂ ಹೆಚ್ಚುಕಡಿಮೆ ಸಮವಾಗಿತ್ತು. ಬಿ.ಎಸ್ಸಿ.ಯ ಕೆಂಪಿನಲ್ಲಿ ಕೆಮಿಸ್ಟ್ರಿ ಇತ್ತು, ಆರೂ ಸೆಮಿಸ್ಟರಿಗೆ. ಪೆನ್ನು ಅಲ್ಲಿ ನಿಂತಿತು. ಅಪ್ಪ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಹಾಗೆಂದು ಬಿ.ಎಸ್ಸಿ.ಯನ್ನು ತಳ್ಳಿಹಾಕುವ ಪೈಕಿ ನಾನಲ್ಲ. ಮೆದುಳು, ನರವ್ಯೂಹ, ಪ್ರಾಣಿವರ್ತನೆ ಎಂದರೆ ಕಣ್ಣರಳಿಸುವ ಮಗುವಿಗೆ ಸೈಕಾಲಜಿಯ ಜೊತೆ ಪ್ರಾಣಿಶಾಸ್ತ್ರ ಇರುವ ಬಿ.ಎಸ್ಸಿ.ಯನ್ನೇ ಧೈರ್ಯವಾಗಿ ಹೇಳುತ್ತೇನೆ. ಮುಂದೆ ನ್ಯೂರೋಸೈನ್ಸಿನ ಕಡೆ ಹೋಗುವ ಮನಸ್ಸಿದ್ದರೆ ಆ ಅಡಿಪಾಯ ಬೇಕೇ ಬೇಕು. ಸೈಕಾಲಜಿಯಲ್ಲಿ ಮನಸ್ಸು ನಿಲ್ಲದಿದ್ದರೆ ಪ್ರಾಣಿಶಾಸ್ತ್ರದಲ್ಲೋ ರಸಾಯನಶಾಸ್ತ್ರದಲ್ಲೋ ಎಂ.ಎಸ್ಸಿ.ಗೆ ಹೊರಳುವ ದಾರಿಯೂ ಉಳಿಯುತ್ತದೆ. ಬಿ.ಎ.ಯಿಂದ ಹೊರಳುವ ದಾರಿಗಳು ಬೇರೆ: ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು., ಪತ್ರಿಕೋದ್ಯಮ, ಕಾನೂನು, ಮಾನವ ಸಂಪನ್ಮೂಲ. ಶ್ರಾವ್ಯಳನ್ನು ಕೇಳಿದಾಗ, ಬಯಾಲಜಿಯಲ್ಲಿ ಅವಳಿಗೆ ಇಷ್ಟವಾಗಿದ್ದದ್ದು ಒಂದೇ ಅಧ್ಯಾಯ, ನರಮಂಡಲದ್ದು. ಉಳಿದದ್ದನ್ನು ಅಂಕಕ್ಕಾಗಿ ಓದಿದ್ದಳು.

ಆಗ ಅಮ್ಮ, ಅಲ್ಲಿಯವರೆಗೆ ಹೆಚ್ಚು ಮಾತಾಡದವರು, ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೇಳಿದರು. "ಯಾವುದಾದ್ರೂ ಆಗ್ಲಿ ಮೇಡಂ. ಮೂರು ವರ್ಷ ಆದ್ಮೇಲೆ ಇವಳು ಬೋರ್ಡು ಹಾಕ್ಬಹುದಾ?"

ಇಲ್ಲ. ಬಿ.ಎ. ಆಗಲಿ ಬಿ.ಎಸ್ಸಿ. ಆಗಲಿ, ಅಷ್ಟಕ್ಕೇ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಯಾರೂ ಬೋರ್ಡು ಹಾಕುವಂತಿಲ್ಲ. ಸೇರುವ ಮೊದಲೇ ಇದನ್ನು ಹೇಳದೆ ಮಕ್ಕಳನ್ನು ಸೇರಿಸಿಕೊಳ್ಳುವುದು ಅನ್ಯಾಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎನ್ನುವುದಕ್ಕೆ ಸ್ಪಷ್ಟ ವ್ಯಾಖ್ಯೆ ಇದೆ: ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಮಾನ್ಯ ಮಾಡಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯ ಅರ್ಹತೆ ಪಡೆದವರು, ಅಥವಾ ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷ ಪೂರ್ಣಾವಧಿಯ, ಆಸ್ಪತ್ರೆ ತರಬೇತಿಯಿರುವ ಎಂ.ಫಿಲ್. ಮಾಡಿದವರು. ನಿಮ್ಹಾನ್ಸ್‌ನಂಥ ಕಡೆ ಆ ಎಂ.ಫಿಲ್.ಗೆ ಕೇಳುತ್ತಿದ್ದದ್ದು ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ, ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 55 ಅಂಕ. ಎಂ.ಎ.ಗೂ ಎಂ.ಎಸ್ಸಿ.ಗೂ ಅಲ್ಲಿ ಒಂದೇ ಬೆಲೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ ಎಂ.ಫಿಲ್. ನಿಲ್ಲಿಸಿದ ಮೇಲೆ ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೂ ಮಾತ್ರ 2025-26ರವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ನಿಯಮ ಬದಲಾಗುತ್ತಿರುವ ಕಾಲವಿದು. ಶ್ರಾವ್ಯಳು ಪದವಿ ಮುಗಿಸುವ ಹೊತ್ತಿಗೆ ಆರ್‌ಸಿಐ ಮಾನ್ಯತೆಯ ಯಾವ ಕೋರ್ಸು ಎಲ್ಲಿದೆ ಎಂದು ವರ್ಷಕ್ಕೊಮ್ಮೆ ಪರಿಷತ್ತಿನ ಪಟ್ಟಿಯಲ್ಲೇ ನೋಡಬೇಕು, ಏಜೆಂಟರ ಮಾತು ಕೇಳಿ ಅಲ್ಲ. ಔಷಧ ಬರೆಯುವ ಸೈಕಿಯಾಟ್ರಿಸ್ಟ್ ಆಗಲು ಎಂ.ಬಿ.ಬಿ.ಎಸ್. ಮೇಲೆ ಎಂ.ಡಿ. ಬೇಕು, ಅದು ಬೇರೆಯೇ ಹಾದಿ. ಅಪ್ಪ ಆವರೆಗೆ ಎರಡನ್ನೂ ಒಂದೇ ಅಂದುಕೊಂಡಿದ್ದರು.

"ಅಂದ್ರೆ ಐದು ವರ್ಷ, ಅದರ ಮೇಲೆ ಎರಡು?" ಅಮ್ಮ ಬೆರಳು ಮಡಚಿ ಎಣಿಸಿದರು. ಕ್ಲಿನಿಕಲ್ ಹಾದಿಯೇ ಬೇಕೆಂದರೆ ಹೆಚ್ಚುಕಡಿಮೆ ಹಾಗೆಯೇ ಹಿಡಿದುಕೊಳ್ಳಿ ಎಂದೆ. ಶಾಲಾ ಆಪ್ತಸಲಹೆ, ಕಂಪನಿಗಳ ಮಾನವ ಸಂಪನ್ಮೂಲ ವಿಭಾಗ, ವಿಶೇಷ ಮಕ್ಕಳ ಕೇಂದ್ರಗಳಲ್ಲಿ ಸ್ನಾತಕೋತ್ತರ ಪದವಿಯ ನಂತರವೇ ಕೆಲಸ ಸಿಗುವುದುಂಟು. ದುಡ್ಡಿನ ಯೋಜನೆ ಈಗಲೇ ಆಗಲಿ, ಮೂರು ವರ್ಷದ ಬಸ್ಸು ಖರ್ಚಿಗೂ ಹಾಸ್ಟೆಲ್ ಖರ್ಚಿಗೂ ಇರುವ ವ್ಯತ್ಯಾಸವನ್ನು ಸ್ನಾತಕೋತ್ತರಕ್ಕೆ ಎತ್ತಿಡಬಹುದಲ್ಲ ಎಂದೂ ಹೇಳಿದೆ. ಅಪ್ಪನಿಗೆ ನಾಟಿದ್ದು ಈ ಮಾತು. ಮರ ಕೊಳ್ಳುವಾಗ ಯಾವಾಗ ದುಡ್ಡು ಹಾಕಬೇಕೆಂದು ತಿಳಿದವರು ಅವರು.

ಇದನ್ನು ಓದುವ ಬೇರೆ ಪಾಲಕರಿಗಾಗಿ ಒಂದು ಮಾತು. ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡಿಸುತ್ತೇವೆ ಎಂದು ಈಗಲೂ ಯಾರಾದರೂ ಹೇಳಿದರೆ ಎಚ್ಚರ. ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ಸೈಕಾಲಜಿಯಂಥ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕೊಡಬಾರದು ಎಂದು ಯುಜಿಸಿ ಹೇಳಿದೆ.

ಕೊನೆಯಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ಯಾವ ಪದವಿ ಎಂದು ನಾನು ಹೇಳುವುದಿಲ್ಲ. ಶ್ರಾವ್ಯ ಎರಡೂ ಕಾಲೇಜಿಗೆ ಖುದ್ದಾಗಿ ಹೋಗಿ ಸೈಕಾಲಜಿ ವಿಭಾಗದಲ್ಲಿ ಕೇಳಬೇಕು. ಒಂದು ಸೆಮಿಸ್ಟರಿಗೆ ಎಷ್ಟು ಪ್ರಯೋಗ ನಿಜವಾಗಿ ಮಾಡಿಸುತ್ತೀರಿ? ಸ್ಟ್ಯಾಟಿಸ್ಟಿಕ್ಸನ್ನು ಸೈಕಾಲಜಿಯವರೇ ಕಲಿಸುತ್ತಾರೋ, ಬರೀ ನೋಟ್ಸ್ ಕೊಡುತ್ತಾರೋ? ನಿಮ್ಮಲ್ಲಿ ಓದಿದವರು ಎಂ.ಎಸ್ಸಿ.ಗೆ ಎಲ್ಲಿ ಸೇರಿದ್ದಾರೆ? ಆಮೇಲೆ ಅವಳು ಸೇರಲು ಬಯಸುವ ಎರಡು ಮೂರು ಸ್ನಾತಕೋತ್ತರ ಕೋರ್ಸುಗಳ ಪ್ರಾಸ್ಪೆಕ್ಟಸ್ ತೆರೆದು ಅರ್ಹತೆಯ ಸಾಲನ್ನು ಅಕ್ಷರ ಬಿಡದೆ ಓದಬೇಕು. ಹೆಚ್ಚಿನ ಕಡೆ ಕೇಳುವುದು ಪದವಿಯಲ್ಲಿ ಸೈಕಾಲಜಿ ಒಂದು ಮುಖ್ಯ ವಿಷಯವಾಗಿರಬೇಕು, ಇಷ್ಟು ಅಂಕ ಬಂದಿರಬೇಕು ಎಂದು. ಎಲ್ಲಾದರೂ ಬಿ.ಎಸ್ಸಿ.ಯೇ ಬೇಕೆಂದಿದ್ದರೆ ಅದು ಈಗಲೇ ತಿಳಿಯಲಿ. ಅಪ್ಪನಿಗೆ ಕೇಳಿಕೊಂಡದ್ದು ಇಷ್ಟೇ: ಊರವರು ಕೇಳಿದಾಗ "ಸೈಕಾಲಜಿ ಓದ್ತಿದ್ದಾಳೆ" ಎಂದು ವಿಷಯದ ಹೆಸರು ಹೇಳಿ, "ಬಿ.ಎ.ಗೆ ಹಾಕಿದ್ದು" ಎಂದು ತಲೆತಗ್ಗಿಸಬೇಡಿ. ಆ ತಗ್ಗಿದ ತಲೆಯನ್ನು ಮಗಳು ನೋಡುತ್ತಾಳೆ.

ಶ್ರಾವ್ಯ ಮನೆ ಹತ್ತಿರದ ಬಿ.ಎ.ಗೆ ಸೇರಿದಳು, ಸಮಾಜಶಾಸ್ತ್ರ ಮತ್ತು ಇಂಗ್ಲಿಷ್ ಜೊತೆಗೆ. ಅಲ್ಲಿಯ ಲ್ಯಾಬ್ ಚಿಕ್ಕದು, ಆದರೆ ಪ್ರಯೋಗ ಮಾಡಿಸುವ ಮೇಡಂ ಒಬ್ಬರು ರೆಕಾರ್ಡ್ ಪುಸ್ತಕವನ್ನು ಸಾಲು ಸಾಲಾಗಿ ತಿದ್ದುತ್ತಾರೆ ಎಂದು ಅವಳೇ ಕಂಡುಕೊಂಡು ಬಂದಿದ್ದಳು. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಬಂದಾಗ ನಿದ್ದೆ ಸುಧಾರಿಸಿತ್ತು, ಪೂರ್ತಿ ಅಲ್ಲ. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವ ಮಿರರ್ ಡ್ರಾಯಿಂಗ್ ಪ್ರಯೋಗದ ಬಗ್ಗೆ ಕೈ ಆಡಿಸಿ ಹೇಳಿದಳು. ಬಲಗೈ ಕಲಿತದ್ದು ಎಡಗೈಗೆ ಎಷ್ಟು ದಾಟುತ್ತದೆ ಎಂದು ಅಮ್ಮನನ್ನೇ ಕೂರಿಸಿ ಲೆಕ್ಕ ಹಾಕಿದ್ದಳು.

ಅಂದು ಅವಳು ತಂದ ಪ್ರಶ್ನೆ, ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದರೆ ಹದಿನೈದು ದಿನದಲ್ಲಿ 'ಇಂಟರ್ನ್‌ಶಿಪ್' ಸರ್ಟಿಫಿಕೇಟ್ ಕೊಡುವವರ ಬಗ್ಗೆ. ತರಗತಿಯಲ್ಲಿ ಅರ್ಧಕ್ಕರ್ಧ ಜನ ತೆಗೆದುಕೊಂಡಿದ್ದರಂತೆ. ಬೇಡ ಎಂದೆ. ಸ್ಕ್ರೀನ್ ಮುಂದೆ ಕೂತು ಸ್ಲೈಡ್ ನೋಡಿದರೆ ಮನುಷ್ಯರ ಜೊತೆ ಕೂರಲು ಬರುವುದಿಲ್ಲ. ಅದರ ಬದಲು ಶನಿವಾರ ಮಧ್ಯಾಹ್ನ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಅಲ್ಲಿಯ ಶಿಕ್ಷಕಿಯ ಕೈಕೆಳಗೆ ಸಹಾಯಕ್ಕೆ ಹೋಗು, ಸಲಹೆ ಕೊಡಲು ಹೋಗಬೇಡ, ನೋಡಿದ್ದನ್ನು ದಿನಾಂಕ ಹಾಕಿ ಬರೆದಿಡು ಎಂದೆ. ಶಾಲೆಯವರು ಒಪ್ಪಿದ್ದಾರೆ. ಎರಡನೇ ಸೆಮಿಸ್ಟರಿನಿಂದ ಹೋಗುತ್ತಿದ್ದಾಳೆ.